ಎರಡನೆಯ ಸೌಟು

ಲಿಂಗಪ್ಪ ಮೊಗೇರನ ಎದೆಯಲ್ಲಿ ಎರಡು ಸ್ಟೆಂಟ್ ಕೂತಿರುವ ವಿಷಯ ನಾಲ್ಕೇ ಜನರಿಗೆ ಗೊತ್ತಿತ್ತು. ಒಬ್ಬರು ಅವನ್ನು ಕೂರಿಸಿದ ಮಂಗಳೂರಿನ ಡಾಕ್ಟರು. ಇನ್ನೊಬ್ಬಳು ಕುಮಟೆಗೆ ಮದುವೆಯಾಗಿ ಹೋದ ಮಗಳು ದೀಕ್ಷಾ. ಮೂರನೆಯವನು ಸ್ವತಃ ಲಿಂಗಪ್ಪ. ಅವನು ಅದನ್ನು ಮರೆಯುವ ಪ್ರಯತ್ನದಲ್ಲಿದ್ದ. ನಾಲ್ಕನೆಯವಳು ಹೆಂಡತಿ ಮಂಜಿ. ಅವನು ಮರೆತದ್ದನ್ನೂ ಸೇರಿಸಿ ಇಬ್ಬರ ಪಾಲಿನದನ್ನು ನೆನಪಿಟ್ಟುಕೊಳ್ಳುವ ಕೆಲಸ ಅವಳ ತಲೆಗೆ ಬಂದಿತ್ತು.

ಉಳಿದ ಶಿರಾಲಿ ಸೀಮೆಗೆಲ್ಲ ಅದು ಹರ್ನಿಯಾ.

"ಹರ್ನಿಯಾ ಅಂದ್ರೆ ಯಾರೂ ಬಿಚ್ಚಿ ತೋರ್ಸು ಹೇಳುದಿಲ್ಲ," ಎಂದು ಲಿಂಗಪ್ಪ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ತನಗೊಪ್ಪುವ ರೋಗವನ್ನು ಆರಿಸಿದ್ದ. ಮನೆಗೆ ಬಂದ ಮೇಲೆ ನುಂಗುತ್ತಿದ್ದ ಐದು ಬಗೆಯ ಗುಳಿಗೆಗಳಿಗೆ ಗ್ಯಾಸ್ಟ್ರಿಕ್ ಎಂದು ಒಂದೇ ಹೆಸರಿಟ್ಟ. ಕೇರಿ ನಂಬಿತು. ಗ್ಯಾಸ್ಟ್ರಿಕ್ ಇಲ್ಲದ ಗಂಡಸು ಆ ಕೇರಿಯಲ್ಲಿ ಇರಲಿಲ್ಲ.

ಮುಚ್ಚಿಡಲು ಕಾರಣವಿತ್ತು. ಲಿಂಗಪ್ಪ ಬೋಟಿನ ತಾಂಡೇಲ. ಎಲ್ಲಿ ಬಲೆ ಬಿಡಬೇಕು, ಯಾವ ಗಾಳಿಗೆ ಬೆನ್ನು ತಿರುಗಿಸಿ ದಡ ಹಿಡಿಯಬೇಕು ಎಂದು ಹೇಳುವವನು. ಉಳಿದ ಏಳು ಜನ ಕಡಲಿಗಿಳಿಯುವುದು ಬೋಟನ್ನು ನಂಬಿ ಅಲ್ಲ, ತಾಂಡೇಲನನ್ನು ನಂಬಿ. ದಡದಿಂದ ಎಂಟು ತಾಸಿನ ದೂರದಲ್ಲಿ ತಾಂಡೇಲನೇ ಎದೆ ಹಿಡಿದುಕೊಂಡು ಕೂತರೆ ಏನು ಗತಿ ಎಂಬ ಪ್ರಶ್ನೆ ಒಬ್ಬನ ತಲೆಗೆ ಬಂದರೆ ಸಾಕು, ಏಳೂ ಜನ ಬೇರೆ ಬೋಟು ನೋಡಿಕೊಳ್ಳುತ್ತಾರೆ. ಅದು ಕೃತಘ್ನತೆಯಲ್ಲ, ಈಜು ಬಲ್ಲವರ ವಿವೇಕ.

ಮಂಗಳೂರಿನ ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು: ಆರು ತಿಂಗಳು ಸಮುದ್ರ ಬೇಡ, ಕಾಯಿಹಾಲು, ಕರಿದದ್ದು ಬೇಡವೇ ಬೇಡ. ಕರಾವಳಿಯ ಮನುಷ್ಯನಿಗೆ ಹೀಗೆ ಹೇಳಿದರೆ, ಮತ್ತೆ ಬದುಕಿಸಿದ್ದು ಯಾತಕ್ಕೆ ಎಂದು ಅವನು ಕೇಳುವುದು ಸಹಜ. ಲಿಂಗಪ್ಪ ಕೇಳಲಿಲ್ಲ, ತಲೆಯಾಡಿಸಿದ. ಭಟ್ಕಳದ ಹತ್ತಿರ ಬರುವಷ್ಟರಲ್ಲಿ ಎರಡನ್ನೂ ಕಾರಿನ ಕಿಟಕಿಯಿಂದಾಚೆ ಎಸೆದಾಗಿತ್ತು.

"ಮಳೆಗಾಲದಲ್ಲಿ ಮೀನು ಹಿಡೀಬಾರ್ದು ಹೇಳೂ ಬಂದಿ ಮುಗೀಲಿ. ಆಗಸ್ಟ್ ಒಂದಕ್ಕೆ ನಾ ಹೊರಟವನೇ," ಎಂದ.

"ಡಾಕ್ಟ್ರು ಆರು ತಿಂಗಳು ಹೇಳಿದಾರೆ."

"ಡಾಕ್ಟ್ರಿಗೆ ಸಮುದ್ರದ ಕತೆ ಎಂತ ಗೊತ್ತದೆ? ಅವ್ರು ಬಂಗಡೆ ಕಂಡಿದ್ದು ತಟ್ಟೆಲಿ."

ಮಂಜಿ ಎರಡು ತಿಂಗಳು ಇದೇ ಮಾತನ್ನು ಅತ್ತು ಹೇಳಿದಳು, ಬೈದು ಹೇಳಿದಳು, ಮಗಳಿಂದ ಫೋನಿನಲ್ಲಿ ಹೇಳಿಸಿದಳು. ಜುಲೈ ಮುಗಿಯುತ್ತ ಬಂದಾಗ ಸಮುದ್ರವನ್ನು ತಾನು ಗೆಲ್ಲುವುದಿಲ್ಲ ಎಂದು ಅವಳಿಗೆ ಖಚಿತವಾಯಿತು. ಉಳಿದದ್ದು ಕಾಯಿಹಾಲು. ಅದಾದರೂ ಅವಳ ಕೈಯಲ್ಲಿತ್ತು. ಎರಡು ದೊಡ್ಡ ಹೆದರಿಕೆಗಳಲ್ಲಿ ಸಣ್ಣದನ್ನು ಹಿಡಿದು ಅಡುಗೆಮನೆಗೆ ಹೋಗುವುದು ಹೆಂಗಸರ ಹಳೆಯ ಅಭ್ಯಾಸ.

ಆದರೆ ಆ ಸಣ್ಣ ಹೆದರಿಕೆಯೂ ಅಷ್ಟು ಸಣ್ಣದಾಗಿರಲಿಲ್ಲ. ಜುಲೈ ಮೂವತ್ತೊಂದಕ್ಕೆ ಜಟ್ಟಿಗನ ಕೋಳಿ ಇತ್ತು.

ಆ ಬೋಟಿನ ಪದ್ಧತಿ ಲಿಂಗಪ್ಪನ ಅಜ್ಜನ ಕಾಲದ್ದು. ಹೊಸ ಹಂಗಾಮಿಗೆ ಬೋಟು ಇಳಿಯುವ ಹಿಂದಿನ ದಿನ ಬೆಳಿಗ್ಗೆ ಜಟ್ಟಿಗ ದೇವರಿಗೆ ಹುಂಜ ಕೊಟ್ಟು, ತಾಂಡೇಲನ ಮನೆಯಲ್ಲಿ ಸಾರು ಮಾಡಿ, ದೀಪ ಹಚ್ಚುವ ಹೊತ್ತಿಗೆ ಎಡೆ ಇಟ್ಟು ಎಲ್ಲರೂ ಉಣ್ಣಬೇಕು. ಸಾರಿಗೆ ಆರು ತೆಂಗಿನಕಾಯಿಯ ಮೊದಲ ಹಾಲು, ಗಟ್ಟಿ ಹಾಲು, ಸೌಟಿಗೆ ಅಂಟುವಷ್ಟು ಗಟ್ಟಿ. ಅದು ದೇವರ ಪಾಲು. ಎಡೆ ಇಡುವ ಮೊದಲು ಮಾಡುವವಳು ನಾಲಗೆಗೆ ಒಂದು ಹನಿ ತಾಗಿಸುವ ಹಾಗಿಲ್ಲ. ಊಟಕ್ಕೆ ಕೂತಾಗ ತಾಂಡೇಲ ಮೊದಲು ಉಣ್ಣುತ್ತಾನೆ. ಉಳಿದವರು ಎಲೆ ಮುಂದೆ ಕೈ ಕಟ್ಟಿ ಕೂತಿರುತ್ತಾರೆ. ಅವನು ಬಾಯಿಬಿಟ್ಟು ಎರಡನೆಯ ಸೌಟು ಕೇಳಿದರೆ ಜಟ್ಟಿಗ ಒಪ್ಪಿದ, ಬೋಟು ಹೊರಡಬಹುದು. ಕೇಳದಿದ್ದರೆ ಇಲ್ಲ. ಲಿಂಗಪ್ಪನ ಅಪ್ಪ ಒಂದು ವರ್ಷ ಹಲ್ಲುನೋವಿಂದ ಕೇಳಿರಲಿಲ್ಲ. ಬೋಟು ಹದಿನೈದು ದಿನ ದಡದಲ್ಲೇ ಇತ್ತಂತೆ. ಹಲ್ಲು ಕಿತ್ತ ಮೇಲೆ ಇನ್ನೊಂದು ಹುಂಜ ಕೊಟ್ಟರಂತೆ.

ಎದೆಯಲ್ಲಿ ಎರಡು ಸ್ಟೆಂಟ್, ಎಲೆಯಲ್ಲಿ ಎರಡು ಸೌಟು. ಮಂಜಿಗೆ ಜುಲೈ ತಿಂಗಳಿಡೀ ಈ ಎರಡು ಎರಡುಗಳು ಕಣ್ಣ ಮುಂದೆ ಕುಣಿದವು.

ದೀಕ್ಷಾ ಒಂದು ವಿಡಿಯೋ ಕಳಿಸಿದ್ದಳು. ಬಿಳಿ ಏಪ್ರನ್ನಿನ ಹುಡುಗಿಯೊಬ್ಬಳು ನಗುತ್ತ ನಗುತ್ತ ಕ್ರೀಮಿ ಚಿಕನ್ ಮಾಡುತ್ತಾಳೆ; ಕ್ರೀಮ್ ಇಲ್ಲ, ಬೆಣ್ಣೆ ಇಲ್ಲ, ಬೇಯಿಸಿ ಅರೆದ ಹೂಕೋಸು. ಮಂಜಿ ಅದನ್ನು ಮೂರು ಸಲ ನೋಡಿದಳು.

"ಹುಂಜದ ಸಾರಿಗೆ ಹೂಕೋಸು ಹಾಕಿದ್ರೆ ಜಟ್ಟಿಗ ಬಿಡು, ಆ ಹುಂಜನೇ ಎದ್ದು ಬರ್ತದೆ," ಎಂದಳು ಫೋನಿನಲ್ಲಿ.

"ಹೂಕೋಸೇ ಹಾಕ್ಬೇಕು ಹೇಳಿ ಇಲ್ಲೆ ಅಮ್ಮ. ಎಂತಾರೂ ಬೆಳ್ಳಗೆ, ದಪ್ಪಗೆ ಆಗುದು. ಕೊಬ್ಬು ಇರ್ಬಾರ್ದು ಅಷ್ಟೆ."

"ಇಲ್ಲೆ" ಎಂಬುದನ್ನು ಮಗಳು ಕುಮಟೆಯ ಪಕ್ಕದ ಮನೆಯವರಿಂದ ಕಲಿತಿದ್ದಳು. ಮಂಜಿ ಅದನ್ನು ತಿದ್ದಲು ಹೋಗಲಿಲ್ಲ. ಅವಳ ಕಣ್ಣು ಅಟ್ಟದ ಮೇಲಿನ ಮಣ್ಣಿನ ಗಡಿಗೆಗೆ ಹೋಗಿತ್ತು. ಕೆಮ್ಮಣ್ಣು ಸವರಿ ಒಣಗಿಸಿಟ್ಟ ಹಲಸಿನ ಬೇಳೆ. ಬೇಯಿಸಿ, ಸಿಪ್ಪೆ ತೆಗೆದು, ನುಣ್ಣಗೆ ಅರೆದರೆ ಹಾಲಿನಷ್ಟೇ ಬಿಳಿ, ಹಾಲಿಗಿಂತ ದಪ್ಪ.

ಮೂವತ್ತೊಂದರ ಬೆಳಿಗ್ಗೆ ಕೋಳಿ ಕೊಟ್ಟು ಬಂದಾಯಿತು. ಹುಂಜದ ಬಗ್ಗೆ ಮಂಜಿಗೆ ಚಿಂತೆಯಿರಲಿಲ್ಲ. ಜನ್ಮವಿಡೀ ಓಡಿಕೊಂಡೇ ಇದ್ದ ಪ್ರಾಣಿ, ಮೈಯಲ್ಲಿ ಕೊಬ್ಬೆಂಬುದು ಕೊಕ್ಕಿನಷ್ಟೂ ಇರಲಿಲ್ಲ. ಆದರೂ ಚರ್ಮ ಸುಲಿದಳು. ಆರು ಕಾಯಿ ಒಡೆದು, ತುರಿದು, ಹಿಂಡಿದಳು. ಹಾಲು ತೆಗೆಯಲೇಬೇಕಿತ್ತು, ಹಿಂಡಿದ ಚರಟ ಎಲ್ಲರಿಗೂ ಕಾಣುವ ಹಾಗೆ ಇರಬೇಕಿತ್ತು. ಹನ್ನೆರಡರ ಬಸ್ಸಿಗೆ ಹಳದೀಪುರದಿಂದ ಲಿಂಗಪ್ಪನ ಅಕ್ಕ ತಿಮ್ಮಕ್ಕ ಬರುವವಳಿದ್ದಳು, ಮತ್ತು ತಿಮ್ಮಕ್ಕ ಬಂದವಳು ಮೊದಲು ನೋಡುವುದು ಮನುಷ್ಯರ ಮುಖವಲ್ಲ, ಚರಟ.

ತೆಗೆದ ಗಟ್ಟಿ ಹಾಲನ್ನು ಕೊಡಪಾನದಲ್ಲಿ ಹಿಡಿದುಕೊಂಡು ಮಂಜಿ ಹಿತ್ತಿಲಿನಲ್ಲಿ ನಿಂತಳು. ಫ್ರಿಜ್ಜಿನಲ್ಲಿಟ್ಟರೆ ಸಿಕ್ಕಿಬೀಳುತ್ತಾಳೆ. ಚರಂಡಿಗೆ ಚೆಲ್ಲಲು ಕೈ ಬರುವುದಿಲ್ಲ, ಅದು ದೇವರ ಪಾಲು. ಕೊನೆಗೆ ತೆಂಗಿನ ಬುಡಕ್ಕೆ ಹೊಯ್ದಳು. ಮರದ್ದು ಮರಕ್ಕೆ ಹೋಯಿತು ಎಂದು ಸಮಾಧಾನ ಹೇಳಿಕೊಂಡಳು. ಮಣ್ಣು ಅದನ್ನು ಹೀರಿಕೊಳ್ಳುವವರೆಗೂ ಆ ಬಿಳಿಯ ಮಡು ಅವಳ ಕಡೆಗೇ ನೋಡುತ್ತಿತ್ತು. ಅವಳು ತಪ್ಪುಕಾಣಿಕೆಯ ಮಾತನ್ನು ಬಾಯೊಳಗೇ ಹೇಳಿ, ಕಾಲಿನಿಂದ ಒಣ ದರಕೆಲೆ ಎಳೆದು ಮುಚ್ಚಿದಳು.

ಹಲಸಿನ ಬೇಳೆ ಹೊಟ್ಟೆಯಲ್ಲಿ ವಾಯು ಕಟ್ಟುತ್ತದೆಂದು ಆ ಸೀಮೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಇಂಗು ಹಾಕಬೇಕು. ಮಂಜಿ ಇಂಗಿನ ಡಬ್ಬಿ ಕೈಗೆತ್ತಿಕೊಂಡಳು, ಮುಚ್ಚಳ ತೆಗೆದಳು, ವಾಸನೆ ಬಂದ ಕೂಡಲೇ ಮುಚ್ಚಿಟ್ಟಳು. ಕೋಳಿ ಸಾರಿನಲ್ಲಿ ಇಂಗಿನ ವಾಸನೆ ಬಂದರೆ ತಿಮ್ಮಕ್ಕ ನಡುಮನೆಯಿಂದಲೇ ಹಿಡಿಯುತ್ತಾಳೆ. ಹೆದರಿದವರು ತಪ್ಪು ಮಾಡುವುದು ಹೀಗೆ. ಒಂದು ಬಾಗಿಲನ್ನು ಭದ್ರವಾಗಿ ಹಾಕಲು ಹೋಗಿ ಇನ್ನೊಂದನ್ನು ತೆರೆದಿಟ್ಟು ಬರುತ್ತಾರೆ.

ತಿಮ್ಮಕ್ಕ ಬಂದಳು. ಎಪ್ಪತ್ತು ದಾಟಿದ ಹೆಂಗಸು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದಳು, ಅದರಿಂದ ಇನ್ನೊಂದು ಕಣ್ಣು ಇನ್ನಷ್ಟು ಚುರುಕಾಗಿತ್ತು.

"ತಮ್ಮನ ಹರ್ನಿ ಹೆಂಗದೆ?"

"ಆರಾಮಿದಾರೆ ಅತ್ತಿಗೆ."

"ಮುಖ ಎಂತಕ್ಕೆ ಇಳ್ದದೆ ಅವಂದು? ಸೊಂಟದ ಕೆಳಗೆ ಕೊಯ್ದ್ರೆ ಮುಖ ಇಳೀತದ್ಯಾ?"

ಮಂಜಿ ಒಲೆಯ ಕಡೆ ತಿರುಗಿದಳು. ತಿಮ್ಮಕ್ಕ ಮರಿಗೆಯಲ್ಲಿದ್ದ ಚರಟವನ್ನು ಬೆರಳಲ್ಲಿ ಹಿಸುಕಿ ನೋಡಿದಳು, ತೃಪ್ತಿಯಾಯಿತು. ಆಮೇಲೆ ಪಾತ್ರೆಯ ಹತ್ತಿರ ಬಂದು ಬಗ್ಗಿದಳು. ಸಾರು ಕೊತಕೊತ ಕುದಿಯುತ್ತಿತ್ತು, ಬೆಳ್ಳಗೆ, ದಪ್ಪಗೆ, ಗುಳ್ಳೆಗಳು ನಿಧಾನಕ್ಕೆ ಒಡೆಯುತ್ತಿದ್ದವು.

"ಎಣ್ಣೆ ಬಿಟ್ಟಿಲ್ಲಲೆ ಮಂಜಿ? ಆರು ಕಾಯಿ ಹಾಲು ಹಾಕಿದ್ರೆ ಇಷ್ಟೊತ್ತಿಗೆ ಮೇಲೆ ಎಣ್ಣೆ ಕುಣೀಬೇಕು."

ಮಂಜಿ ಸೌಟು ಹಾಕಿ ಸಾರನ್ನು ಕದಡಿದಳು. "ಈಗಷ್ಟೇ ಹಾಲು ಹೊಯ್ದೆ ಅತ್ತಿಗೆ. ನೀವು ಕೂತ್ಕಳಿ, ಚಾ ತರ್ತೆ."

ತಿಮ್ಮಕ್ಕ ನಡುಮನೆಗೆ ಹೋಗಿ ಕೂತ ಕ್ಷಣದಲ್ಲಿ ಅವಳು ಎರಡು ಚಮಚ ಕೊಬ್ಬರಿ ಎಣ್ಣೆಯಲ್ಲಿ ಒಣಮೆಣಸಿನ ಪುಡಿ ಕೆಂಪಾಗಿಸಿ ಮೇಲೆ ಹರಡಿದಳು. ಎರಡೇ ಚಮಚ, ಒಂಬತ್ತು ಜನಕ್ಕೆ. ಅಷ್ಟಕ್ಕೇ ಪಾತ್ರೆಯ ಮುಖ ಶ್ರೀಮಂತರ ಮದುವೆಯ ಹಾಗೆ ಹೊಳೆಯಿತು. ರುಚಿ ಮಾತ್ರ ಹೇಗಿದೆಯೋ ದೇವರೇ ಬಲ್ಲ. ಮತ್ತು ಈ ಸಲ ದೇವರು ಬಲ್ಲ ಎಂಬುದೇ ಕಷ್ಟವಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಏಳು ಜನ ಬಂದರು. ಮುಂದೆ ದಿನಕರ, ಲಿಂಗಪ್ಪನ ಕೈಕೆಳಗೆ ಹದಿನೆಂಟು ವರ್ಷ ಪಳಗಿದವ, ಮಾತು ಕಡಿಮೆ. ಎಂಜಿನ್ ನೋಡುವ ಅಕ್ಷಯ, ಮಾತು ಹೆಚ್ಚು. ಹಿಂದೆ ಇನ್ನೈವರು, ಅವರಲ್ಲಿ ಇಬ್ಬರು ಜಾರ್ಖಂಡಿನವರು. ಸಮುದ್ರವನ್ನೇ ನೋಡದ ನಾಡಿನಿಂದ ಬಂದ ಅವರೇ ಜಟ್ಟಿಗನಿಗೆ ಎಲ್ಲರಿಗಿಂತ ಉದ್ದಕ್ಕೆ ಅಡ್ಡಬಿದ್ದರು.

ತಿಮ್ಮಕ್ಕ ಎಡೆ ಇಟ್ಟಳು. ಗಾಳಿಯಿಲ್ಲದೆ ದೀಪ ಒಮ್ಮೆ ಬಾಗಿತು, ಅಥವಾ ಮಂಜಿಗೆ ಹಾಗೆ ಕಂಡಿತು. ಲಿಂಗಪ್ಪ ಕೂತ. ನೀರುದೋಸೆಯ ಮೇಲೆ ಮಂಜಿ ಮೊದಲ ಸೌಟು ಬಡಿಸಿದಳು. ಸೌಟು ಪಾತ್ರೆಯ ಬಾಯಿಗೆ ಟಣ್ ಎಂದು ತಾಗಿತು.

ಲಿಂಗಪ್ಪ ಒಂದು ತುತ್ತು ಬಾಯಿಗಿಟ್ಟ. ನಿಲ್ಲಿಸಿದ. ಹೆಂಡತಿಯ ಮುಖ ನೋಡಿದ.

ಗೊತ್ತಾಯಿತು, ಎಂದುಕೊಂಡಳು ಮಂಜಿ. ಈಗ ಹೇಳುತ್ತಾನೆ, ಎಲ್ಲರೆದುರು ಹೇಳುತ್ತಾನೆ.

ಅವನು ಎರಡನೆಯ ತುತ್ತು ತೆಗೆದುಕೊಂಡ. ಮೂರನೆಯದು. ಆಮೇಲೆ ತಲೆ ಎತ್ತಲಿಲ್ಲ. ಎರಡು ತಿಂಗಳು ಗಂಜಿ, ಬೇಯಿಸಿದ ಸೋರೆಕಾಯಿ ತಿಂದ ನಾಲಗೆಗೆ ವಿಮರ್ಶೆಯ ಶಕ್ತಿ ಉಳಿದಿರಲಿಲ್ಲ. ಅಲ್ಲದೆ, ಒಳಗೊಳಗೇ ಅವನೂ ಹೆದರಿದ್ದ. ಕಾಯಿಹಾಲಿನ ಸಾರು ಒಂದು ಸೌಟು ಇಳಿಯುವಷ್ಟರಲ್ಲಿ ಎದೆ ಭಾರವಾದೀತೆಂದು ಕಾದಿದ್ದ. ಆಗಲಿಲ್ಲ. ಸಾರು ಹಗುರಕ್ಕೆ, ಸುಖವಾಗಿ ಇಳಿಯಿತು.

"ಇನ್ನೊಂದು ಸೌಟು ಹಾಕು," ಎಂದ, ಗಟ್ಟಿಯಾಗಿ.

ಏಳು ಜನ ಒಟ್ಟಿಗೆ ಉಸಿರು ಬಿಟ್ಟರು. "ಆತು! ಒಪ್ದ!" ಎಂದು ತಿಮ್ಮಕ್ಕ ಕೈಮುಗಿದಳು. ಎಲ್ಲರ ಎಲೆಗೂ ಸಾರು ಬಿತ್ತು. ಲಿಂಗಪ್ಪ ಎರಡನೆಯದನ್ನು ಮುಗಿಸಿ ಯಾರೂ ಕೇಳರಿಯದ ಮಾತು ಹೇಳಿದ: "ಇನ್ನೂ ಒಂದು ಹಾಕೇ."

"ಮೂರು! ನಮ್ಮ ಅಜ್ಜನ ಕಾಲದಲ್ಲೂ ಮೂರು ಕೇಳಿದವ್ರಿಲ್ಲ," ಎಂದ ಅಕ್ಷಯ. "ತಾಂಡೇಲ್ರೇ, ಈ ಸಲ ಬಲೆ ಎಳೂಕೆ ಕ್ರೇನ್ ಬೇಕು!"

ಮಂಜಿ ಮೂರನೆಯ ಸೌಟು ಬಡಿಸಿದಳು. ಎಷ್ಟೋ ದಿನಗಳ ನಂತರ ಅವಳ ಭುಜ ಸಡಿಲವಾಯಿತು. ಆ ಸಡಿಲಿಕೆ ಕಾಲು ಗಂಟೆ ಬಾಳಿತು.

ಕೈತೊಳೆದು ಜಗಲಿಯಲ್ಲಿ ಕೂತ ಲಿಂಗಪ್ಪ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡ. ಹಣೆಯಲ್ಲಿ ಬೆವರು. "ಎಂತದೋ ಇಲ್ಲಿ ಹಿಡ್ಕಂಡ ಹಂಗೆ," ಎಂದ. ಆಮೇಲೆ ಮುಂದಕ್ಕೆ ಬಾಗಿದ.

"ಗ್ಯಾಸ್ಟ್ರಿಕ್ಕು," ಎಂದ ದಿನಕರ.

"ಮೂರು ಸೌಟು ಹೊಡೆದ್ರೆ ಮತ್ತೆಂತ ಆಗ್ತದೆ? ಸೋಡಾ ತರ್ತೆ ತಡೀರಿ," ಎಂದ ಅಕ್ಷಯ.

"ಬೆನ್ನು ತಿಕ್ಕಿ, ಒಂದು ತೇಗು ಬಂದ್ರೆ ಸರಿ," ಎಂದಳು ತಿಮ್ಮಕ್ಕ. ಯಾರೂ ಗಾಬರಿಯಾಗಲಿಲ್ಲ. ಎರಡು ತಿಂಗಳಿಂದ ಗ್ಯಾಸ್ಟ್ರಿಕ್ ಗುಳಿಗೆ ನುಂಗುವ ಮನುಷ್ಯನಿಗೆ ಗ್ಯಾಸ್ಟ್ರಿಕ್ ಆಗಿದೆ, ಇದರಲ್ಲಿ ಸುದ್ದಿಯೇನಿದೆ.

ಮಂಜಿ ಮಾತ್ರ ಆ ಬೆವರನ್ನು ಮೊದಲೊಮ್ಮೆ ನೋಡಿದ್ದಳು, ಜೂನ್ ಆರರಂದು, ಇದೇ ಜಗಲಿಯಲ್ಲಿ. ಅಂದೂ ಅಂಗೈ ಅಲ್ಲೇ ಇತ್ತು. ಲಿಂಗಪ್ಪ ಬಾಗಿದಲ್ಲಿಂದಲೇ ಕಣ್ಣೆತ್ತಿ ಅವಳನ್ನು ನೋಡಿದ, ತಲೆಯನ್ನು ಅಡ್ಡಕ್ಕೆ ಆಡಿಸಿದ. ಹೇಳಬೇಡ ಎಂದು.

ಅಕ್ಷಯ ಸೋಡಾಕ್ಕೆ ಹೊರಟ.

"ಸೋಡಾ ಬೇಡ! ಗಾಡಿ ತೆಗಿ!" ಮಂಜಿಯ ಕೂಗಿಗೆ ಪಕ್ಕದ ಮನೆಯ ನಾಯಿ ಎದ್ದು ನಿಂತಿತು. "ಹರ್ನಿಯಾ ಅಲ್ಲ ಅದು! ಎದೆಲಿ ಎರಡು ಸ್ಟೆಂಟ್ ಹಾಕಿದಾರೆ ಅವ್ರಿಗೆ! ಗಾಡಿ ತೆಗಿಯಾ!"

ಅರೆಕ್ಷಣ ಯಾರೂ ಅಲುಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಅಲುಗಿದರು.

ನಮ್ಮ ಜಿಲ್ಲೆಯಲ್ಲಿ ಹೃದಯ ಕೈಕೊಡುವುದಾದರೆ ಮೊದಲೇ ತಿಳಿಸಿ ಕೊಡಬೇಕು. ದೊಡ್ಡ ಆಸ್ಪತ್ರೆಗಳೆಲ್ಲ ಜಿಲ್ಲೆಯಾಚೆ ಇವೆ. ಅಕ್ಷಯನ ಓಮ್ನಿ ಭಟ್ಕಳದ ಕಡೆ ಹಾರಿತು. ಹಿಂದಿನ ಸೀಟಿನಲ್ಲಿ ಮಂಜಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹೆದ್ದಾರಿ ಕೆಲವೆಡೆ ನಾಲ್ಕು ಪಥ, ಕೆಲವೆಡೆ ಒಂದೂವರೆ. ಎದುರಿನ ಲಾರಿಗಳ ಬೆಳಕು ಅವನ ಮುಖದ ಮೇಲೆ ಬಿದ್ದಾಗಲೆಲ್ಲ ಅವಳು ತುಟಿಯ ಬಣ್ಣ ನೋಡಿದಳು. ನೀಲಿಯೋ? ಬೆಳಕಿಗೋ? ತಾನು ದೇವರ ಪಾಲನ್ನು ತೆಂಗಿನ ಬುಡಕ್ಕೆ ಹೊಯ್ದೆ. ದೇವರು ತನ್ನ ಪಾಲನ್ನು ಬೇರೆ ಕಡೆಯಿಂದ ತೆಗೆದುಕೊಳ್ಳುತ್ತಿದ್ದಾನೆ. ಗಂಡನ ಎದೆ ಉಳಿಸಲು ಮಾಡಿದ ಸಾರೇ ಗಂಡನನ್ನು ಒಯ್ಯುತ್ತಿದೆ. ಅವಳು ಜಟ್ಟಿಗನಿಗೆ ಒಂದು ಹುಂಜ ಹೇಳಿಕೊಂಡಳು, ವೆಂಕಟಾಪುರದ ಸೇತುವೆ ಬಂದಾಗ ಎರಡು, ಭಟ್ಕಳದ ದೀಪಗಳು ಕಂಡಾಗ ಮೂರು.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಎದೆಗೆ ವೈರು ಅಂಟಿಸಿ, ಕಾಗದ ಎಳೆದು, ಉದ್ದಕ್ಕೆ ಹಿಡಿದು ನೋಡಿದಳು. ಹಳೆಯ ಕಾಗದ ಇದೆಯೇ ಎಂದಳು. ಮಂಜಿ ಸೊಂಟದ ಚೀಲದಿಂದ ತೆಗೆದುಕೊಟ್ಟಳು. ಎರಡು ತಿಂಗಳಿಂದ ಅದು ಅವಳ ಮೈಮೇಲೇ ಇತ್ತು. ಡಾಕ್ಟರಮ್ಮ ಎರಡನ್ನೂ ಹೋಲಿಸಿದಳು, ರಕ್ತ ತೆಗೆಸಿದಳು, ಹೊಟ್ಟೆಯನ್ನು ಬೆರಳಲ್ಲಿ ಬಡಿದಳು. ಮದ್ದಳೆಯ ಹಾಗೆ ಸದ್ದು ಬಂತು.

"ಏನು ಊಟ ಮಾಡಿದ್ರು?"

"ಕೋಳಿ ಸಾರು," ಎಂದಳು ಮಂಜಿ. ಪರದೆಯಾಚೆ, ಬೈಕು ಹತ್ತಿ ಹಿಂದೆಯೇ ಬಂದವರೂ ಸೇರಿ, ಏಳು ಜನ, ತಿಮ್ಮಕ್ಕ ನಿಂತಿದ್ದರು.

"ಮತ್ತೆ?"

"ಅಷ್ಟೇ."

ಅಷ್ಟರಲ್ಲಿ ಲಿಂಗಪ್ಪ ಉತ್ತರ ಕೊಟ್ಟ. ಬಾಯಿಂದಲ್ಲ. ನರ್ಸು ಬೇರೆ ಕಡೆ ನೋಡಿದಳು. ಅವನ ಮುಖದ ಬಿಗಿ ಸಡಿಲವಾಯಿತು, ಅಂಗೈ ಎದೆಯಿಂದ ಇಳಿಯಿತು.

"ಇದು ಹಾರ್ಟ್ ಅಲ್ಲ ಅಮ್ಮಾ, ಗ್ಯಾಸ್," ಎಂದಳು ಡಾಕ್ಟರಮ್ಮ. "ಆದ್ರೂ ಎರಡು ತಾಸು ಇರ್ಲಿ, ಇನ್ನೊಂದ್ಸಲ ನೋಡ್ತೇನೆ. ಬಂದದ್ದು ಒಳ್ಳೇದಾಯ್ತು. ಮುಂದಿನ ಸಲನೂ ಹೀಗೇ ಬನ್ನಿ; ಯಾವುದು ಗ್ಯಾಸು ಅಂತ ನೀವೇ ತೀರ್ಮಾನ ಮಾಡ್ಬೇಡಿ."

ಮಂಜಿ ಹಳೆಯ ಕಾಗದವನ್ನು ಮಡಚಿ ಮತ್ತೆ ಸೊಂಟದ ಚೀಲಕ್ಕೆ ಸೇರಿಸಿದಳು. ಗೋಡೆ ಹಿಡಿದು ನಿಂತಳು. ಲಿಂಗಪ್ಪ ಮಂಚದಿಂದ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ಬಾಯಿ ಬಿಟ್ಟೆಲೆ," ಎಂದ ಮೆಲ್ಲಗೆ. "ಒಂದು ಹೂಸಿಗೆ ನನ್ನ ಬೋಟು ಕಳ್ದೆ."

ಪರದೆ ಸರಿಯಿತು. ದಿನಕರ ಒಳಗೆ ಬಂದ, ಹಿಂದೆ ಅಕ್ಷಯ, ತಿಮ್ಮಕ್ಕ. ಉಳಿದವರು ಪರದೆಯ ಸಂದಿಯಲ್ಲಿ ಮುಖವಿಟ್ಟರು. ಅವರು ಕಾರಿಡಾರಿನಲ್ಲಿ ಮಾತಾಡಿಕೊಂಡು ಬಂದದ್ದು ಕಾಣುತ್ತಿತ್ತು. ಲಿಂಗಪ್ಪ ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಂಡ, ತೀರ್ಪು ಕೇಳುವವನ ಹಾಗೆ.

"ತಾಂಡೇಲ್ರೇ, ನಮ್ಗೆ ಹೇಳ್ಬೇಕಿತ್ತು ನೀವು," ಎಂದ ದಿನಕರ.

"ಹೇಳಿದ್ರೆ ನೀವ್ ಇರ್ತಿದ್ರನಾ?"

"ಸ್ಟೆಂಟು ಈಗ ಯಾರಿಗಿಲ್ಲ?" ಎಂದ ಅಕ್ಷಯ. "ನಮ್ಮ ಅಪ್ಪಂಗೆ ಮೂರದೆ. ಹೋರಿ ಹಂಗೆ ತಿರುಗ್ತ್ರು."

ದಿನಕರ ಅಕ್ಷಯನ ಮಾತು ಮುಗಿಯಲೆಂದು ಕಾದ. "ನಂಗೂ ಹೆದ್ರಿಕೆ ಆತು. ಸುಳ್ಳಲ್ಲ. ಆದ್ರೆ ಜಟ್ಟಿಗ ಎರಡಲ್ಲ, ಮೂರು ಸಲ ಉಣ್ಸಿದಾನೆ. ಎದೆ ಹಿಡ್ದ್ರೂ ಹೊಟ್ಟೆ ಅಷ್ಟೇ ಹೇಳಿ ತೋರ್ಸಿದಾನೆ. ಇನ್ನೆಂತ ಬೇಕು? ಬೆಳಿಗ್ಗೆ ನಾಲ್ಕಕ್ಕೆ ಎಂಜಿನ್ ಹಚ್ತ್ವು. ನೀವು ಬರ್ಬೇಕು."

"ದೇವ್ರೇ ಒಪ್ದ ಮೇಲೆ ಡಾಕ್ಟ್ರದ್ದೆಂತ?" ಎಂದಳು ತಿಮ್ಮಕ್ಕ. ಡಾಕ್ಟರಮ್ಮ ಪಕ್ಕದ ಮಂಚದ ಹತ್ತಿರವೇ ಇದ್ದಳು; ಇಂಥದ್ದನ್ನು ಕೇಳಿ ಅಭ್ಯಾಸವಿದ್ದಂತಿತ್ತು.

ಲಿಂಗಪ್ಪನ ಮುಖ ಎರಡು ತಿಂಗಳಲ್ಲಿ ಮೊದಲ ಬಾರಿ ಅರಳಿತು. "ನಾಲ್ಕಕ್ಕಲ್ಲ, ಮೂರೂವರೆಗೆ," ಎಂದ.

ಮಂಜಿಗೆ ಆಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ತಾನು ಗಟ್ಟಿ ಹಾಲೇ ಹಾಕಿದ್ದರೆ ಇವನು ಒಂದು ಸೌಟಿಗೇ ಸೋಲುತ್ತಿದ್ದ, ಬೋಟು ದಡದಲ್ಲಿರುತ್ತಿತ್ತು. ಹಗುರ ಮಾಡಿದ್ದಕ್ಕೇ ಮೂರು ಸೌಟು ಇಳಿಯಿತು. ಮೂರು ಸೌಟು ಇಳಿದದ್ದಕ್ಕೇ ಸಮುದ್ರ. ಸ್ಟೆಂಟಿನ ಗುಟ್ಟು ಹೊರಬಿದ್ದರೆ ಇವರೆಲ್ಲ ಅವನನ್ನು ಬಿಟ್ಟುಹೋಗುತ್ತಾರೆಂದು ನಂಬಿದ್ದಳು, ಅದೂ ಆಗಲಿಲ್ಲ. ಮುಂದಿನ ಸಲವೂ ಹೀಗೇ ಬನ್ನಿ ಎಂದಿದ್ದಳು ಡಾಕ್ಟರಮ್ಮ. ದಡದಿಂದ ಎಂಟು ತಾಸಿನ ದೂರದಿಂದ ಹೇಗೆ ಬರುವುದು? ಅಲ್ಲಿ ಓಮ್ನಿ ಇಲ್ಲ.

ಹೇಳಲು ಇನ್ನೊಂದು ಮಾತು ಉಳಿದಿತ್ತು. ಅದನ್ನು ಹೇಳಿದರೆ ಗಂಡ ಜನ್ಮವಿಡೀ ಕ್ಷಮಿಸಲಿಕ್ಕಿಲ್ಲ, ಅತ್ತಿಗೆ ಮನೆಗೆ ಕಾಲಿಡಲಿಕ್ಕಿಲ್ಲ, ಕೇರಿಯ ಹೆಂಗಸರು ಬಾವಿಕಟ್ಟೆಯಲ್ಲಿ ಅವಳ ಹೆಸರು ಹಿಡಿದು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಜಟ್ಟಿಗ ಏನು ಮಾಡುತ್ತಾನೋ. ಅವಳು ಗೋಡೆ ಬಿಟ್ಟು ಮುಂದೆ ಬಂದಳು.

"ಅದ್ರಲ್ಲಿ ಗಟ್ಟಿ ಹಾಲಿರ್ಲಿಲ್ಲ," ಎಂದಳು.

"ಯಾವ್ದ್ರಲ್ಲಿ?" ಎಂದಳು ತಿಮ್ಮಕ್ಕ.

"ಎಡೆ ಸಾರಲ್ಲಿ."

"ಎಂತ ಹೇಳ್ತೆ ನೀನು? ಚರಟ ನಾನೇ ಹಿಸ್ಕಿ ನೋಡಿದ್ನಲೆ?"

"ಹಾಲು ಹಿಂಡಿದ್ದು ಹೌದು. ತೆಂಗಿನ ಬುಡಕ್ಕೆ ಹೊಯ್ದೆ."

"ಬೆಳ್ಳಗಿತ್ತಲೆ ಸಾರು?"

"ಹಲಸಿನ ಬೇಳೆ ಅರ್ದು ಹಾಕಿದ್ದೆ. ಒಂದು ಸೇರು."

"ಕೆಂಪೆಣ್ಣೆ ತೇಲ್ತಿತ್ತಲೆ!"

"ಅದು ಮೇಲಿಂದ ಬಿಟ್ಟದ್ದು. ಎರಡು ಚಮ್ಚ."

ಅಕ್ಷಯ ನಗಲು ಹೊರಟವನು ದಿನಕರನ ಮುಖ ನೋಡಿ ಅರ್ಧದಲ್ಲೇ ನುಂಗಿಕೊಂಡ. ಪರದೆಯ ಸಂದಿಯಲ್ಲಿ ಯಾರೋ ಜಾರ್ಖಂಡಿನವರಿಗೆ ಹಿಂದಿಯಲ್ಲಿ ವಿವರಿಸಿದರು. ಅವರ ಮುಖವೂ ಇಳಿಯಿತು. ದೇವರಿಗೆ ಮೋಸ ಎನ್ನಲು ಹೆಚ್ಚು ಭಾಷೆ ಬೇಕಾಗುವುದಿಲ್ಲ.

ಎದೆಯಲ್ಲಿ ಲೋಹದ ಸುರುಳಿ ಇಟ್ಟುಕೊಂಡ ತಾಂಡೇಲನ ಜೊತೆ ಅವರು ಕಡಲಿಗೆ ಹೋಗಲು ತಯಾರಿದ್ದರು. ಹಲಸಿನ ಬೇಳೆಯ ಎಡೆ ಉಂಡ ತಾಂಡೇಲನ ಜೊತೆ ಹೋಗಲು ಒಬ್ಬನೂ ತಯಾರಿರಲಿಲ್ಲ. ದಿನಕರ ಒಂದು ಹೆಜ್ಜೆ ಹಿಂದೆ ಸರಿದ. ಸಣ್ಣ ಹೆಜ್ಜೆ, ಆದರೆ ಲಿಂಗಪ್ಪ ಅದನ್ನು ನೋಡಿದ. ನಲವತ್ತು ವರ್ಷ ನೀರಿನ ಬಣ್ಣ ಓದಿದವನಿಗೆ ಒಂದು ಹೆಜ್ಜೆ ಓದುವುದು ಕಷ್ಟವಲ್ಲ. ಹಾಕಿದ್ದ ಗುಂಡಿಯನ್ನು ಬಿಚ್ಚಿ ಅವನು ಮತ್ತೆ ಮಲಗಿದ, ಗೋಡೆಯ ಕಡೆ ತಿರುಗಿ.

"ಬೇರೆ ಹುಂಜ ಕೊಡ್ಬೇಕು," ಎಂದ ದಿನಕರ ಕೊನೆಗೆ. "ಬೇರೆ ಮನೇಲಿ."

"ನಿಮ್ಮನೇಲೇ ಆಗ್ಲಿ," ಎಂದ ಲಿಂಗ‍ಪ್ಪ ಗೋಡೆಗೆ. "ಎರಡನೇ ಸೌಟು ನೀನೇ ಕೇಳು."

ತಿಮ್ಮಕ್ಕ ಮರುದಿನ ಬೆಳಗಿನ ಬಸ್ಸಿಗೇ ಹೊರಟಳು. ಚೀಲ ಕಂಕುಳಿಗೇರಿಸಿ ಬಾಗಿಲಲ್ಲಿ ನಿಂತು ಹೇಳಿದಳು: "ಈ ವರ್ಷ ಬೋಟಿಗೆ ಎಂತಾರೂ ಆದ್ರೆ ನಿನ್ನ ಹೆಸ್ರು ಬರ್ತದೆ ಮಂಜಿ. ಎಂತದೂ ಆಗ್ದಿದ್ರೆ ಯಾರ ಹೆಸ್ರೂ ಬರುದಿಲ್ಲ. ತಿಳ್ಕ." ಹೋಗುತ್ತ ಅಂಗಳದಲ್ಲಿ ತಿರುಗಿ, "ರುಚಿ ಇತ್ತು ಹೇಳುದು ಬೇರೆ ಮಾತು," ಎಂದಳು, ಸಿಟ್ಟಿನಿಂದಲೇ.

ಮಂಜಿ ಒಬ್ಬಳೇ ಜಟ್ಟಿಗನ ಕಲ್ಲಿನ ಮುಂದೆ ಹೋಗಿ ಹೇಳಿಕೊಂಡ ಮೂರು ಹುಂಜವನ್ನೂ ಒಪ್ಪಿಸಿದಳು. ಎಲ್ಲವನ್ನೂ ಬಿಡಿಸಿ ಹೇಳಿ ಉತ್ತರಕ್ಕೆ ಕಾದಳು. ಕಲ್ಲು ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಐದನೆಯ ದಿನ ಬೋಟು ಹೊರಟಿತು, ದಿನಕರ ತಾಂಡೇಲ. ಅವನ ಹೆಂಡತಿ ಎಂಟು ಕಾಯಿಯ ಹಾಲು ಹಾಕಿದ್ದಳೆಂದು ಕೇರಿಯಲ್ಲಿ ಸುದ್ದಿ. ಲಿಂಗಪ್ಪ ಬಂದರಿಗೆ ಹೋಗಿ, ಅಳಿವೆ ದಾಟುವವರೆಗೆ ನೋಡಿ, ಮನೆಗೆ ಬಂದು ಜಗಲಿಯಲ್ಲಿ ಕೂತ. ಆಸ್ಪತ್ರೆಯಿಂದ ಬಂದ ಮೇಲೆ ಹೆಂಡತಿಯ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಇಟ್ಟದ್ದನ್ನು ಉಣ್ಣುತ್ತಿದ್ದ, ಗುಳಿಗೆ ಕೈಗೆ ಕೊಟ್ಟರೆ ನುಂಗುತ್ತಿದ್ದ, ನೀರಿನ ಲೋಟವನ್ನು ಅವಳ ಕೈಗೆ ಕೊಡದೆ ನೆಲಕ್ಕಿಡುತ್ತಿದ್ದ.

ಬೋಟು ಹೋದ ಎರಡನೆಯ ದಿನ ಸಂಜೆ ಗಾಳಿ ತಿರುಗಿತು. ಅಂಗಳದ ತೆಂಗಿನ ಮಡಲುಗಳು ಒಂದೇ ದಿಕ್ಕಿಗೆ ಬಿದ್ದವು. ಲಿಂಗಪ್ಪ ದಿನಕರನ ಫೋನಿಗೆ ಹಚ್ಚಿದ, ವ್ಯಾಪ್ತಿಯ ಹೊರಗೆ. ಅಕ್ಷಯನಿಗೆ ಹಚ್ಚಿದ, ವ್ಯಾಪ್ತಿಯ ಹೊರಗೆ. ಎದ್ದು ಅಂಗಳಕ್ಕೆ ಹೋದ, ಆಕಾಶ ನೋಡಿದ, ಬಂದು ಕೂತ. ಮತ್ತೆ ಎದ್ದ. ಮಂಜಿ ಗಂಜಿಯ ತಟ್ಟೆ ತಂದಿಟ್ಟಳು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ. ಅವಳ ಕಣ್ಣು ತಾನಾಗಿಯೇ ಅವನ ಅಂಗೈ ಎಲ್ಲಿದೆಯೆಂದು ಹುಡುಕಿತು. ಮೊಣಕಾಲ ಮೇಲಿತ್ತು.

"ಮಂಜಿ," ಎಂದ.

ಅವಳು ಬಾಗಿಲ ದಾರಂದವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಎಂತ? ಎದೆಯಾ?"

"ಎದೆಯಲ್ಲ." ಅವನು ಕಡಲಿನ ಕಡೆಯೇ ನೋಡುತ್ತಿದ್ದ. "ಹೋದವ್ರು ವಾಪಸ್ ಬರೂವರೆಗೂ ಹಿಂಗೇ ಆಗ್ತದನೇ? ಹೊಟ್ಟೆ ಒಳಗೆ ಯಾರೋ ಬಲೆ ಹಿಂಡ್ದ ಹಂಗೆ?"

"ಹೂಂ."

"ಮದ್ವೆ ಆಗಿ ಮೂವತ್ತೊಂದು ವರ್ಷ, ನಿಂಗೆ ಹಿಂಗೇಯಾ?"

ಮಂಜಿ ಬಂದು ಅವನಿಂದ ಒಂದು ಮಾರು ದೂರದಲ್ಲಿ ಕೂತಳು. ಗಾಳಿಗೆ ತಟ್ಟೆಯೊಳಗೆ ಕಸ ಬೀಳದ ಹಾಗೆ ಸೆರಗನ್ನು ಅಡ್ಡ ಹಿಡಿದಳು.

"ಮೊದಲ ಮೂರು ದಿನ ಜಾಸ್ತಿ," ಎಂದಳು. "ಆಮೇಲೆ ಊಟ ಸೇರ್ತದೆ."